ಕೌಶಲ ತರಬೇತಿ ಮತ್ತು ಬಡತನ ನಿವಾರಣೆ: ಹಾಸನ ಸೀಮೆಯ ನಾಲ್ಕು ತಾಲ್ಲೂಕುಗಳು

ಕೃಷಿ ಕೂಲಿ, ತುಂಡು ಜಮೀನು ಅಥವಾ ದಿನಗೂಲಿಯನ್ನೇ ನಂಬಿದ ಕುಟುಂಬಗಳ ಯುವಕ ಯುವತಿಯರಿಗೆ ಗೊತ್ತಾದ ಅವಧಿಯಲ್ಲಿ ಒಂದು ಕಸುಬನ್ನು ಕಲಿಸಿ, ಅದರ ಬಲದಿಂದ ಸಂಬಳದ ಕೆಲಸಕ್ಕೋ ಸ್ವಂತ ಉದ್ಯೋಗಕ್ಕೋ ಅವರನ್ನು ಹಚ್ಚುವ ಏರ್ಪಾಡನ್ನು ಕೌಶಲ ತರಬೇತಿ ಎನ್ನುತ್ತಾರೆ. ಭಾರತದಲ್ಲಿ ಇದು ಒಂದೆರಡು ವರ್ಷಗಳ ಐಟಿಐ ಶಿಕ್ಷಣವಾಗಿ, ಕೆಲವು ವಾರ ಅಥವಾ ತಿಂಗಳುಗಳ ಅಲ್ಪಾವಧಿ ತರಬೇತಿಯಾಗಿ, ಬ್ಯಾಂಕುಗಳ ಆಶ್ರಯದ ಸ್ವಉದ್ಯೋಗ ತರಬೇತಿಯಾಗಿ, ಕಾರ್ಖಾನೆಯಲ್ಲೇ ದುಡಿಯುತ್ತ ಕಲಿಯುವ ಅಪ್ರೆಂಟಿಸ್ ಪದ್ಧತಿಯಾಗಿ ನಡೆಯುತ್ತದೆ. ಇವುಗಳ ಜೊತೆಗೆ, ಯಾವ ಇಲಾಖೆಯ ಲೆಕ್ಕಕ್ಕೂ ಸಿಗದೆ, ಮೇಸ್ತ್ರಿಯ ಕೈಕೆಳಗೆ ಗಾರೆ ಕೆಲಸ, ಗ್ಯಾರೇಜಿನಲ್ಲಿ ಬೈಕ್ ರಿಪೇರಿ, ಅಂಗಡಿಯಲ್ಲಿ ಮೋಟಾರ್ ವೈಂಡಿಂಗ್ ಕಲಿಯುವವರ ಸಂಖ್ಯೆಯೇ ದೊಡ್ಡದು. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಈ ಎಲ್ಲ ಬಗೆಗಳನ್ನೂ ಅಕ್ಕಪಕ್ಕದಲ್ಲಿ ಕಾಣಬಹುದು. ಬಡ ಮನೆಯ ಹುಡುಗನನ್ನೋ ಹುಡುಗಿಯನ್ನೋ ತರಬೇತಿ ಮೇಲೆತ್ತುವುದೇ ಇಲ್ಲವೇ ಎಂಬುದನ್ನು ತರಗತಿಯ ದಿನಗಳಿಗಿಂತ ಹೆಚ್ಚಾಗಿ ಅದರ ಹಿಂದಿನ ಮತ್ತು ಮುಂದಿನ ತಿಂಗಳುಗಳು ನಿರ್ಧರಿಸುತ್ತವೆ ಎಂಬುದಕ್ಕೆ ಈ ಸೀಮೆ ಒಳ್ಳೆಯ ನಿದರ್ಶನ. ಕಲಿಯುವ ಕಾಲದಲ್ಲಿ ಮನೆಗೆ ತಪ್ಪುವ ಕೂಲಿಯನ್ನು ತುಂಬುವವರು ಯಾರು, ಕಲಿತ ಮೇಲೆ ಮೊದಲ ಕೆಲಸ ಅಥವಾ ಮೊದಲ ಸಾಲ ಸಿಗುವತನಕ ಜೊತೆಯಲ್ಲಿ ನಿಲ್ಲುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಕಡೆ ಪ್ರಮಾಣಪತ್ರ ಕಪಾಟಿನಲ್ಲೇ ಉಳಿಯುತ್ತದೆ.

ನೆಲ ಮತ್ತು ದುಡಿಮೆ

2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಅವರಲ್ಲಿ ಐದರಲ್ಲಿ ನಾಲ್ಕು ಪಾಲು ಹಳ್ಳಿಗಳಲ್ಲಿ ವಾಸಿಸುವವರು. ಸಾಕ್ಷರತೆ ಶೇ. 76ರಷ್ಟಿತ್ತು. ರಾಜ್ಯದಲ್ಲಿ ಸಾವಿರ ಪುರುಷರಿಗೆ 973 ಮಹಿಳೆಯರಿದ್ದಾಗ ಈ ಜಿಲ್ಲೆಯಲ್ಲಿ 1,010 ಮಹಿಳೆಯರಿದ್ದರು. ದುಡಿಮೆ ಅರಸಿ ಗಂಡಸರು ಹೊರಗೆ ಹೋಗುವುದೂ ಇದಕ್ಕೆ ಒಂದು ಕಾರಣವೆಂದು ಊಹಿಸಲು ಅವಕಾಶವಿದೆ. ಪಶ್ಚಿಮದ ಸಕಲೇಶಪುರದ ಕಡೆಗೆ ಕಾಫಿ ತೋಟಗಳ ಮಲೆನಾಡು, ಪೂರ್ವದ ಚನ್ನರಾಯಪಟ್ಟಣದ ಕಡೆಗೆ ರಾಗಿ, ತೆಂಗುಗಳ ಬಯಲುಸೀಮೆ, ನಡುವೆ ಎರಡರ ಗುಣವನ್ನೂ ಪಡೆದ ಅರೆಮಲೆನಾಡು ಹೀಗೆ ಜಿಲ್ಲೆ ಮೂರು ತೆರನಾಗಿದ್ದು, ಇಲ್ಲಿ ಹೇಳಲಾಗುತ್ತಿರುವ ನಾಲ್ಕು ತಾಲ್ಲೂಕುಗಳು ಬಹುಮಟ್ಟಿಗೆ ಬಯಲಿಗೂ ಅರೆಮಲೆನಾಡಿಗೂ ಸೇರಿದವು.

ಈ ತಾಲ್ಲೂಕುಗಳ ಬಡತನ ಬರಗಾಲದ ಜಿಲ್ಲೆಗಳಲ್ಲಿ ಕಾಣುವ ಬಗೆಯದಲ್ಲ. 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಜಲಾಶಯದಿಂದ ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣದ ಕಡೆಗೆ ನಾಲೆಯ ನೀರು ಹರಿದಿದೆ. ಹಾಲಿನ ಡೇರಿ ಊರೂರಿಗೂ ಬಂದಿದೆ. ಆದರೆ ನಂಬಿದ ಬೆಳೆಗಳು ಒಂದೊಂದಾಗಿ ಕೈಕೊಟ್ಟಿವೆ. ಹಾಸನ ತಾಲ್ಲೂಕಿನ ಹೆಸರುವಾಸಿ ಆಲೂಗಡ್ಡೆಗೆ ಅಂಗಮಾರಿ ರೋಗ ತಗುಲಿ ವಿಸ್ತೀರ್ಣ ಕುಗ್ಗಿತು, ಅದರ ಜಾಗಕ್ಕೆ ಮುಸುಕಿನ ಜೋಳವೂ ಬೆಲೆ ನಿಲ್ಲದ ಶುಂಠಿಯೂ ಬಂದವು. ಚನ್ನರಾಯಪಟ್ಟಣದ ತೆಂಗಿಗೆ ನುಸಿಪೀಡೆ, ಅದರ ಬೆನ್ನಿಗೆ ಸಾಲು ಸಾಲು ಬರ. ಅರಕಲಗೂಡಿನಲ್ಲಿ ಹೊಗೆಸೊಪ್ಪು ಮುಖ್ಯ ಹಣದ ಬೆಳೆಯಾಗಿದ್ದು, ಆ ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿದ ಮೇಲೆ ಈ ಬೆಳೆಯ ಭವಿಷ್ಯ ಸರ್ಕಾರದ ನೀತಿಯನ್ನೇ ಅವಲಂಬಿಸಿದೆ. ಸೊಪ್ಪು ಮುರಿಯುವ, ಕೋಲಿಗೆ ಕಟ್ಟುವ, ಅದನ್ನು ಒಣಗಿಸುವ ಬ್ಯಾರನ್‌ನಲ್ಲಿ ರಾತ್ರಿಯಿಡೀ ಬೆಂಕಿ ಕಾಯುವ ಕೆಲಸ ವರ್ಷದಲ್ಲಿ ಕೆಲವೇ ತಿಂಗಳು ಕೂಲಿ ಕೊಡುತ್ತದೆ. ಹೊಲದ ಮಾತಂತೂ ಇನ್ನೂ ಇಕ್ಕಟ್ಟಿನದು: 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು ಮೂರೂಕಾಲು ಎಕರೆ; ಅಣ್ಣತಮ್ಮಂದಿರು ಪಾಲಾದ ಮೇಲೆ ಒಬ್ಬೊಬ್ಬರಿಗೆ ಎರಡು ಎಕರೆಯೂ ಉಳಿಯುವುದಿಲ್ಲ. ಭೂಮಿಯೇ ಇಲ್ಲದ ದಲಿತ ಕುಟುಂಬಗಳಿಗೆ ಈ ಲೆಕ್ಕವೂ ಅನ್ವಯಿಸದು.

ಇನ್ನೊಂದು ಬದಿಯಲ್ಲಿ ಶಾಲಾ ಶಿಕ್ಷಣ ಚೆನ್ನಾಗಿ ಬೇರೂರಿದೆ. 2019ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹಾಸನ ಜಿಲ್ಲೆ ಶೇ. 89.33 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಹೀಗಾಗಿ ಇಲ್ಲಿನ ತೊಡಕು ಅಕ್ಷರದ್ದಲ್ಲ. ಹತ್ತನೆಯ ತರಗತಿ ದಾಟಿ, ಪಿಯುಸಿಯಲ್ಲಿ ಎಡವಿದ ಅಥವಾ ಬಿ.ಎ. ಮುಗಿಸಿಯೂ ಕೆಲಸ ಕಾಣದ, ಹೊಲಕ್ಕೆ ಮರಳಲು ಮನಸ್ಸಿಲ್ಲದ ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರು ಕೌಶಲ ತರಬೇತಿಯ ನಿಜವಾದ ಹಕ್ಕುದಾರರು. ರೈತಾಪಿ ಗಂಡಿಗೆ ಹೆಣ್ಣು ಕೊಡಲು ಹಿಂಜರಿಯುವ ವಾತಾವರಣ ಮಂಡ್ಯ, ಹಾಸನಗಳ ಕಡೆ ದಟ್ಟವಾಗಿರುವುದರಿಂದ, ಬೆಂಗಳೂರಿನಲ್ಲಿ ಎಂಥದಾದರೂ ಒಂದು ಕೆಲಸ ಇರಬೇಕೆಂಬ ಒತ್ತಡ ವರಮಾನದ ಆಸೆಯಷ್ಟೇ ಬಲವಾಗಿದೆ.

ಹಿನ್ನೆಲೆ

ಮೈಸೂರು ಸಂಸ್ಥಾನ ಕೈಗಾರಿಕಾ ಶಿಕ್ಷಣಕ್ಕೆ ಬೇಗ ಕಣ್ತೆರೆದ ರಾಜ್ಯ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಬಿತ್ತು, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು, ಇಂದಿನ ಎಸ್‌ಜೆ ಪಾಲಿಟೆಕ್ನಿಕ್ ಅದೇ. ಹಾಸನದ ಎಲ್.ವಿ. ಪಾಲಿಟೆಕ್ನಿಕ್ ಈ ಪರಂಪರೆಯ ಮುಂದಿನ ಕೊಂಡಿ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತ ಕುಟುಂಬದಲ್ಲಿ 1933ರಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ಸಿವಿಲ್ ಡಿಪ್ಲೊಮಾ ಪಡೆದದ್ದು ಇಲ್ಲಿಯೇ. ಆ ಕಲಿಕೆಯ ಬಲದಿಂದ ಗುತ್ತಿಗೆದಾರರಾಗಿ ಬದುಕು ಆರಂಭಿಸಿ ಅವರು 1996ರಲ್ಲಿ ಪ್ರಧಾನಿಯಾದರು. ಅಪರೂಪದ ಈ ಉದಾಹರಣೆಯಿಂದ ಸಾಮಾನ್ಯ ನಿಯಮ ಕಟ್ಟಲಾಗದು. ಆದರೂ ಆ ಕಾಲದ ಹಳ್ಳಿಯ ಹುಡುಗನಿಗೆ ತಾಂತ್ರಿಕ ಡಿಪ್ಲೊಮಾ ಎಂಬುದು ಎಂಥ ಬಾಗಿಲಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಅದೇ ನಗರದಲ್ಲಿ 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ತೆರೆಯಿತು.

ಕಸುಬಿನ ಪರಂಪರೆ ಇದಕ್ಕೂ ಹಳೆಯದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಗೊಮ್ಮಟನಿಗಷ್ಟೇ ಅಲ್ಲದೆ ಹಿತ್ತಾಳೆ ಪಾತ್ರೆಗಳಿಗೂ ಹೆಸರಾಗಿತ್ತು. ಬಡಿದು, ಕಾಯಿಸಿ, ಬೆಸೆದು ಪಾತ್ರೆ ಮಾಡುವ ವಿದ್ಯೆ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳು ಸಂತೆಗೆ ಬಂದ ಮೇಲೆ ಇಂಥ ಕಸುಬುಗಳು ನಾಡಿನಾದ್ಯಂತ ಸೊರಗಿದವು. ಕೈಯಲ್ಲಿ ವಿದ್ಯೆ ಇದ್ದೂ ಮಾರುಕಟ್ಟೆ ಕೈಬಿಟ್ಟರೆ ಕುಶಲಕರ್ಮಿ ಕೂಲಿಯಾಗುತ್ತಾನೆ ಎಂಬುದನ್ನು ತರಬೇತಿಯ ಯೋಜನೆ ರೂಪಿಸುವವರು ಮರೆಯಬಾರದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಬಡಗಿ, ಕಮ್ಮಾರ, ಅಕ್ಕಸಾಲಿಗ, ಕುಂಬಾರ, ದರ್ಜಿ ಮೊದಲಾದ 18 ಕಸುಬಿನವರಿಗೆ ದಿನಕ್ಕೆ 500 ರೂಪಾಯಿ ಭತ್ಯೆಯ ತರಬೇತಿ, 15,000 ರೂಪಾಯಿಯ ಸಲಕರಣೆ ಮತ್ತು ಶೇ. 5ರ ಬಡ್ಡಿಯ ಸಾಲ ಕೊಡುತ್ತದೆ; ಇಂಥ ಕುಟುಂಬಗಳಿಗೆ ಸರ್ಕಾರ ತಡವಾಗಿ ತೋರಿದ ಗಮನ ಇದು.

ಸ್ವಾತಂತ್ರ್ಯಾನಂತರ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ, 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂದವು. ಗ್ರಾಮೀಣ ಯುವಕರಿಗೆಂದೇ 1979ರ ಆಗಸ್ಟ್ 15ರಂದು ಆರಂಭವಾದ ಟ್ರೈಸೆಮ್ ಯೋಜನೆ 18ರಿಂದ 35ರ ವಯಸ್ಸಿನವರಿಗೆ ಸ್ವಉದ್ಯೋಗ ಕಲಿಸಿತು. ಕಲಿಸಿದ್ದಕ್ಕೂ ಸಾಲಕ್ಕೂ ಮಾರುಕಟ್ಟೆಗೂ ನಂಟು ಬೆಳೆಯದ್ದರಿಂದ ಅದು ಬಳಲಿತು, 1999ರಲ್ಲಿ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯಲ್ಲಿ ಲೀನವಾಯಿತು. ಕರ್ನಾಟಕ 1970ರ ದಶಕದ ಕೊನೆಯಲ್ಲೇ ಪದವಿಪೂರ್ವ ಹಂತದಲ್ಲಿ ವೃತ್ತಿ ಶಿಕ್ಷಣ ಆರಂಭಿಸಿತ್ತು. ಜೆಒಸಿ ಎಂದೇ ಜನರ ಬಾಯಲ್ಲಿದ್ದ ಆ ಕೋರ್ಸುಗಳು ಮುಂದೆ ಮುಚ್ಚಿಹೋದವು. ಈಗಿನ ಅಲೆ ಶುರುವಾದದ್ದು 2008ರಲ್ಲಿ ರಾಷ್ಟ್ರೀಯ ಕೌಶಲಾಭಿವೃದ್ಧಿ ನಿಗಮ ಹುಟ್ಟಿದಾಗ. 2009ರ ನೀತಿ 2022ರೊಳಗೆ 50 ಕೋಟಿ ಜನರಿಗೆ, 2015ರ ನೀತಿ 40 ಕೋಟಿ ಜನರಿಗೆ ಕೌಶಲ ಕಲಿಸುವ ಗುರಿ ಹಾಕಿದ್ದವು. ದೇಶದ ದುಡಿಯುವವರಲ್ಲಿ ಶೇ. 4.69 ಮಂದಿಗಷ್ಟೇ ಔಪಚಾರಿಕ ತರಬೇತಿ ಸಿಕ್ಕಿದೆ, ದಕ್ಷಿಣ ಕೊರಿಯಾದಲ್ಲಿ ಈ ಪ್ರಮಾಣ ಶೇ. 96 ಎಂದು 2015ರ ನೀತಿಪತ್ರ ಹೇಳಿತ್ತು. ಈ ಹೋಲಿಕೆಯಲ್ಲಿ ಮೇಸ್ತ್ರಿಯ ಕೈಕೆಳಗೆ ಕಲಿತ ಕೋಟ್ಯಂತರ ಜನ ಅಕುಶಲರ ಪಟ್ಟಿಗೆ ಸೇರಿಬಿಟ್ಟಿದ್ದಾರೆ ಎಂಬುದನ್ನೂ ಹೇಳಬೇಕು.

ಐಟಿಐ ಮತ್ತು ಅಪ್ರೆಂಟಿಸ್ ಪದ್ಧತಿ

ಕೈಗಾರಿಕಾ ತರಬೇತಿ ಸಂಸ್ಥೆ ಅಥವಾ ಐಟಿಐ ಬಡ ಮನೆಯ ಮಕ್ಕಳಿಗೆ ಇರುವ ಅತ್ಯಂತ ಗಟ್ಟಿಯಾದ ಮೆಟ್ಟಿಲು. ಹೆಚ್ಚಿನ ಟ್ರೇಡುಗಳಿಗೆ ಎಸ್‌ಎಸ್‌ಎಲ್‌ಸಿ, ವೆಲ್ಡರ್‌ನಂಥ ಕೆಲವಕ್ಕೆ ಎಂಟನೆಯ ತರಗತಿ ಸಾಕು. ಸರ್ಕಾರಿ ಸಂಸ್ಥೆಯಲ್ಲಿ ಶುಲ್ಕ ಅತ್ಯಲ್ಪ. ಫಿಟ್ಟರ್, ಎಲೆಕ್ಟ್ರಿಷಿಯನ್ ಕೋರ್ಸುಗಳು ಎರಡು ವರ್ಷದವು, ವೆಲ್ಡರ್ ಒಂದು ವರ್ಷದ್ದು. ಫಿಟ್ಟರ್ ಕಲಿಯುವ ಹುಡುಗ ಮೊದಲ ತಿಂಗಳುಗಳನ್ನು ಮೃದು ಉಕ್ಕಿನ ತುಂಡೊಂದನ್ನು ವೈಸ್‌ಗೆ ಕಚ್ಚಿಸಿ ಅರದಿಂದ ಉಜ್ಜುವುದರಲ್ಲೇ ಕಳೆಯುತ್ತಾನೆ. ಉಜ್ಜಿದ ಮೈಗೆ ಟ್ರೈಸ್ಕ್ವೇರ್ ಒತ್ತಿ ಬೆಳಕಿಗೆ ಹಿಡಿದಾಗ ನಡುವೆ ಎಳೆಯಷ್ಟು ಬೆಳಕು ತೂರಿದರೂ ಮೈ ಸಮನಾಗಿಲ್ಲವೆಂದರ್ಥ, ಮತ್ತೆ ಉಜ್ಜಬೇಕು. ವರ್ನಿಯರ್ ಕ್ಯಾಲಿಪರ್‌ನಲ್ಲಿ ಮಿಲಿಮೀಟರಿನ ಐವತ್ತನೆಯ ಒಂದು ಭಾಗದ ವ್ಯತ್ಯಾಸವನ್ನು ಓದಲು ಕಲಿಯುವ ಹೊತ್ತಿಗೆ ಅಂಗೈ ಒರಟಾಗಿರುತ್ತದೆ, ಕಣ್ಣು ಚುರುಕಾಗಿರುತ್ತದೆ. ಯಂತ್ರಗಳ ಯುಗದಲ್ಲಿ ಇದು ಹಳೆಯ ಪಾಠವೆಂದು ಟೀಕಿಸುವವರಿದ್ದಾರೆ. ಆದರೆ ಅಳತೆಯ ಶಿಸ್ತನ್ನು ಕೈಗೆ ಹತ್ತಿಸುವ ಈ ನಿಧಾನದ ಕಲಿಕೆಯೇ ಐಟಿಐ ಓದಿದವನನ್ನು ಮೂರು ತಿಂಗಳ ತರಬೇತಿ ಪಡೆದವನಿಂದ ಬೇರೆ ಮಾಡುತ್ತದೆ.

ಇದರ ಮುಂದಿನ ಹೆಜ್ಜೆ ಅಪ್ರೆಂಟಿಸ್‌ಗಿರಿ, ಎಂದರೆ ಭತ್ಯೆ ಪಡೆಯುತ್ತ ನಿಜವಾದ ಕಾರ್ಖಾನೆಯಲ್ಲಿ ಒಂದು ವರ್ಷದ ಮಟ್ಟಿಗೆ ದುಡಿದು ಕಲಿಯುವುದು. 30 ಅಥವಾ ಹೆಚ್ಚು ಕೆಲಸಗಾರರಿರುವ ಉದ್ದಿಮೆ ತನ್ನ ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು ನಿಯಮವಿದೆ. ಕೊರತೆ ಕಾಣುವುದು ಇಲ್ಲಿ. ಜಿಲ್ಲೆಯ ಇಂಥ ಉದ್ದಿಮೆಗಳು ಬಹುತೇಕ ಹಾಸನ ನಗರದ ಸುತ್ತಲೇ ಕೂಡಿಕೊಂಡಿವೆ. ಅರಕಲಗೂಡಿನಿಂದ ಹಾಸನ ಮೂವತ್ತು ಕಿಲೋಮೀಟರಿನಷ್ಟು ದೂರ. ಆ ತಾಲ್ಲೂಕಿಗೆ ರೈಲು ಸಂಪರ್ಕವೂ ಇಲ್ಲ. ಬೆಳಗಿನ ಪಾಳಿಗೆ ಸರಿಹೊಂದುವ ಬಸ್ಸಿಲ್ಲದ ಹಳ್ಳಿಯವನಿಗೆ ಹಾಸನದಲ್ಲಿ ಬಾಡಿಗೆ ಕೋಣೆ ಹಿಡಿಯುವುದೊಂದೇ ದಾರಿ, ಅಪ್ರೆಂಟಿಸ್ ಭತ್ಯೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಕಾಯ್ದೆ ಕೊಟ್ಟ ಅವಕಾಶವನ್ನು ಬಸ್ಸಿನ ವೇಳಾಪಟ್ಟಿ ಕಸಿದುಕೊಳ್ಳುವ ಈ ಸ್ಥಿತಿ ತೀರ ಸಣ್ಣ ಖರ್ಚಿನಲ್ಲಿ ಸರಿಹೋಗುವಂಥದು.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಯೋಗದಲ್ಲಿ 4,600 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಮಾರ್ಪಡಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ರೋಬಾಟ್, ವಿದ್ಯುತ್ ವಾಹನ, ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ ಕಲಿಕೆ ಅಲ್ಲಿದೆ. ಇದಲ್ಲದೆ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಶಾಖೆಯೊಂದು ಹಾಸನದಲ್ಲಿದೆ. ಅಚ್ಚು ಮತ್ತು ಉಪಕರಣ ತಯಾರಿಕೆಯ ಡಿಪ್ಲೊಮಾ ಕೊಡುವ ಈ ಸಂಸ್ಥೆಯಲ್ಲಿ ಕಲಿಕೆಯೂ ಉತ್ಪಾದನೆಯೂ ಒಂದೇ ಸೂರಿನಡಿ ನಡೆಯುತ್ತವೆ; ಉದ್ದಿಮೆಗಳು ಇಲ್ಲಿನ ವಿದ್ಯಾರ್ಥಿಗಳನ್ನು ಮೆಚ್ಚುವುದಕ್ಕೆ ಕಾರಣವೂ ಇದೇ.

ಅಲ್ಪಾವಧಿ ತರಬೇತಿ

ಕೇಂದ್ರದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರ ಜುಲೈ 15ರಂದು, ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ 2017ರ ಮೇ 15ರಂದು ಆರಂಭವಾದವು. ಇವುಗಳಲ್ಲಿ ಖಾಸಗಿ ಸಂಸ್ಥೆಗಳು ಸರ್ಕಾರದ ಹಣದಿಂದ ಉಚಿತ ತರಬೇತಿ ಕೊಡುತ್ತವೆ. 2014ರ ಸೆಪ್ಟೆಂಬರ್ 25ರಂದು ಘೋಷಣೆಯಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಹಳ್ಳಿಯ ಬಡವರಿಗಷ್ಟೇ ಮೀಸಲು. 15ರಿಂದ 35ರ ವಯಸ್ಸಿನವರಿಗೆ, ಮಹಿಳೆಯರಿಗಾದರೆ 45ರವರೆಗೆ, ಅವಕಾಶವಿದೆ. ಪರಿಶಿಷ್ಟ ಜಾತಿ ಪಂಗಡಗಳಿಗೆ ಅರ್ಧ ಪಾಲು, ಮಹಿಳೆಯರಿಗೆ ಮೂರನೆಯ ಒಂದು ಪಾಲು ಮೀಸಲಿಡಬೇಕು. ತರಬೇತಿ ಪಡೆದವರಿಗೆ ಕೆಲಸ ಕೊಡಿಸಿದ ಮೇಲೆಯೇ ಸಂಸ್ಥೆಗೆ ಪೂರ್ತಿ ಹಣ ಸಂದಾಯವಾಗುತ್ತದೆ.

ಕೆಲಸ ಕೊಡಿಸಬೇಕೆಂಬ ಈ ಷರತ್ತು ಕಾಗದದಲ್ಲಿ ಸರಿಯಾಗಿಯೇ ಇದೆ. ಆದರೆ ಮೂರು ತಿಂಗಳು ಕೆಲಸದಲ್ಲಿದ್ದರೆ ಉದ್ಯೋಗ ಸಿಕ್ಕಂತೆ ಎಂದು ಎಣಿಸುವ ಲೆಕ್ಕದಲ್ಲಿ ನಾಲ್ಕನೆಯ ತಿಂಗಳ ಕಥೆ ಕಾಣುವುದಿಲ್ಲ. ಚನ್ನರಾಯಪಟ್ಟಣದ ಮೂಲಕ ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರಿಗೆ ಹೋಗುತ್ತದೆ. ಶ್ರವಣಬೆಳಗೊಳದ ಮಾರ್ಗವಾಗಿ ಹಾಸನ ಬೆಂಗಳೂರು ರೈಲು 2017ರ ಮಾರ್ಚ್‌ನಲ್ಲಿ ಓಡಲಾರಂಭಿಸಿತು. ಹೀಗಾಗಿ ಈ ಭಾಗದ ಅಲ್ಪಾವಧಿ ತರಬೇತಿ ಎಂದರೆ ಹೆಚ್ಚಿನ ಪಾಲಿಗೆ ಬೆಂಗಳೂರಿನ ಮಳಿಗೆ, ಹೋಟೆಲ್, ಸೆಕ್ಯುರಿಟಿ, ಡೆಲಿವರಿ ಕೆಲಸಗಳಿಗೆ ಹೋಗುವುದೆಂದೇ ಅರ್ಥ. ಸಂಬಳದಲ್ಲಿ ಪಿ.ಜಿ. ಬಾಡಿಗೆ, ಊಟ, ಊರಿಗೆ ಬರುವ ಚಾರ್ಜು ಕಳೆದರೆ ಮನೆಗೆ ಕಳುಹಿಸಲು ಉಳಿಯುವುದು ಅಷ್ಟಕ್ಕಷ್ಟೇ. ಸುಗ್ಗಿಗೆ ಊರಿಗೆ ಬಂದವರು ಹಿಂದಿರುಗದಿರುವುದಕ್ಕೆ ಸೋಮಾರಿತನವನ್ನು ಕಾರಣವಾಗಿ ಹೇಳುವುದು ಅನ್ಯಾಯ. ಲೆಕ್ಕ ಹಾಕಿ ನೋಡಿಯೇ ಅವರು ಉಳಿದುಕೊಳ್ಳುತ್ತಾರೆ. ಕಲಿಕೆಯ ಗುಣಮಟ್ಟದ ಮೇಲೂ ಪ್ರಶ್ನೆಗಳಿವೆ: ಉದ್ದಿಮೆಗಳ ಪ್ರತಿನಿಧಿಗಳನ್ನೊಳಗೊಂಡ ವಲಯ ಕೌಶಲ ಮಂಡಳಿಗಳೇ ಪಠ್ಯವನ್ನೂ ಪರೀಕ್ಷೆಯನ್ನೂ ನಡೆಸುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರವೇ ನೇಮಿಸಿದ ಶಾರದಾ ಪ್ರಸಾದ್ ಸಮಿತಿ 2016ರಲ್ಲಿ ಕಟುವಾಗಿ ವಿಮರ್ಶಿಸಿತ್ತು.

ಹೊಲಿಗೆಯ ಎರಡು ದಾರಿಗಳು

ನಾಲ್ಕೂ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಹೆಚ್ಚು ಪರಿಚಿತವಾದ ಕೌಶಲ ಹೊಲಿಗೆ. ಇದೊಂದರಲ್ಲೇ ತರಬೇತಿಯ ಎರಡು ವಿಭಿನ್ನ ದಾರಿಗಳು ಕಾಣುವುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಹಾಸನದ ಗೊರೂರು ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಜವಳಿಗೆಂದೇ ವಿಶೇಷ ಆರ್ಥಿಕ ವಲಯ ರೂಪುಗೊಂಡಿದ್ದು, ಹಾಸಿಗೆ ಬಟ್ಟೆಗಳನ್ನು ತಯಾರಿಸಿ ರಫ್ತು ಮಾಡುವ ಹಿಮತ್‌ಸಿಂಗ್ಕಾ ಸಂಸ್ಥೆಯ ದೊಡ್ಡ ಘಟಕಗಳು ಅಲ್ಲಿವೆ. ಒಳಉಡುಪು ತಯಾರಿಸುವ ಪೇಜ್ ಇಂಡಸ್ಟ್ರೀಸ್ ಕೂಡ ಹಾಸನದಲ್ಲಿ ಘಟಕ ಹೊಂದಿದೆ. ಸುತ್ತಲಿನ ಹಳ್ಳಿಗಳ ಹೆಂಗಸರಿಗೆ, ಉತ್ತರ ಹಾಗೂ ಪೂರ್ವ ಭಾರತದಿಂದ ಬಂದ ವಲಸಿಗರಿಗೆ ಇವು ಕೆಲಸ ಕೊಟ್ಟಿವೆ. ಗಾರ್ಮೆಂಟ್ಸ್ ಎಂದು ಜನ ಕರೆಯುವ ಈ ದುಡಿಮೆಯಲ್ಲಿ ಹೊಸಬರು ಹೆಲ್ಪರ್ ಆಗಿ ಸೇರಿ, ಕೆಲವು ವಾರ ಯಂತ್ರದ ಮೇಲೆ ಕೈ ಕೂರಿಸಿಕೊಂಡು ಆಪರೇಟರ್ ಆಗುತ್ತಾರೆ. ಸಾಲಿನಲ್ಲಿ ಕುಳಿತ ಒಬ್ಬೊಬ್ಬರಿಗೂ ಒಂದೊಂದೇ ಹೊಲಿಗೆ: ಒಬ್ಬಳು ಅಂಚು ಮಡಿಸಿದರೆ ಮುಂದಿನವಳು ಓವರ್‌ಲಾಕ್ ಹಾಕುತ್ತಾಳೆ, ಅದರ ಮುಂದಿನವಳು ಎಲಾಸ್ಟಿಕ್ ಕೂರಿಸುತ್ತಾಳೆ. ಗಂಟೆಗೆ ಇಷ್ಟು ಪೀಸ್ ಎಂಬ ಗುರಿ ಎದುರಿಗಿರುತ್ತದೆ. ಭವಿಷ್ಯನಿಧಿ, ಇಎಸ್‌ಐ, ತಿಂಗಳಿಗೆ ತಪ್ಪದ ಸಂಬಳ ಇದರ ಬಲ. ಮನೆಯಲ್ಲಿ ಆಕೆಯ ಮಾತಿಗೆ ತೂಕ ತರುವುದೂ ಈ ಸಂಬಳವೇ. ಆದರೆ ಐದು ವರ್ಷ ಒಂದೇ ಅಂಚು ಹೊಲಿದವಳು ಕೆಲಸ ಬಿಟ್ಟು ಊರಿಗೆ ಬಂದರೆ ಒಂದು ರವಿಕೆ ಕತ್ತರಿಸಿ ಹೊಲಿಯಲಾರಳು.

ಎರಡನೆಯ ದಾರಿ ಕರ್ನಾಟಕದ ನೆಲದಲ್ಲೇ ಹುಟ್ಟಿದ್ದು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೈಜೋಡಿಸಿ 1982ರಲ್ಲಿ ಉಜಿರೆಯಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆ, ಊಟ ವಸತಿಯೊಡನೆ ಉಚಿತವಾಗಿ ಕೆಲವೇ ವಾರಗಳಲ್ಲಿ ಕಸುಬು ಕಲಿಸಿ, ಬಳಿಕ ಸಾಲ ಕೊಡಿಸಿ, ಎರಡು ವರ್ಷ ಬೆನ್ನಿಗೆ ನಿಲ್ಲುವ ಪದ್ಧತಿಯನ್ನು ರೂಢಿಗೆ ತಂದಿತು. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಈ ಮಾದರಿಯನ್ನೇ ಒಪ್ಪಿಕೊಂಡು ಪ್ರತಿ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ತೆರೆಯಲು ಬ್ಯಾಂಕುಗಳಿಗೆ ಹೊಣೆ ಕೊಟ್ಟಿತು. ಹಾಸನದಲ್ಲಿ ಇಂಥ ಸಂಸ್ಥೆಯನ್ನು ಜಿಲ್ಲೆಯ ಲೀಡ್ ಬ್ಯಾಂಕ್ ಆಗಿರುವ ಕೆನರಾ ಬ್ಯಾಂಕ್ ನಡೆಸುತ್ತಿದೆ. ಇಂಥ ಕಡೆ ಹೊಲಿಗೆ ಕಲಿಯುವವಳು ಅಳತೆ ತೆಗೆಯುವುದರಿಂದ ಹಿಡಿದು ಗುಂಡಿ ಹಾಕುವವರೆಗೆ ಇಡೀ ಉಡುಪನ್ನು ಕಲಿಯುತ್ತಾಳೆ, ಬಟ್ಟೆಯ ಖರ್ಚು ಬರೆದು ಕೂಲಿ ಎಷ್ಟು ಕೇಳಬೇಕೆಂಬುದನ್ನೂ ಕಲಿಯುತ್ತಾಳೆ. ಅವಳ ವಿದ್ಯೆ ಅವಳದೇ. ಕೊರತೆ ಗಿರಾಕಿಯದು: ಹಬ್ಬ, ಮದುವೆಯ ತಿಂಗಳುಗಳಲ್ಲಿ ರಾತ್ರಿಯೆಲ್ಲ ಹೊಲಿಗೆ, ಆಷಾಢದಲ್ಲಿ ಯಂತ್ರ ಸುಮ್ಮನೆ ಕುಳಿತಿರುತ್ತದೆ. ಒಂದೇ ಊರಿನ ಹತ್ತು ಮಂದಿಗೆ ಹೊಲಿಗೆಯನ್ನೇ ಕಲಿಸಿದರೆ ಹತ್ತೂ ಮನೆಗೆ ಗಿರಾಕಿ ಸಾಲದು.

ಸಾಲದ ಮಾತೂ ಸಲೀಸಲ್ಲ. 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ಹಂತದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗಬೇಕು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಹಳ್ಳಿಯ ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನವಿದೆ. ತಂದೆಯ ಬೆಳೆಸಾಲ ಸುಸ್ತಿಯಾಗಿದ್ದರೆ ಮಗಳ ಅರ್ಜಿಯನ್ನು ಅನುಮಾನದಿಂದ ನೋಡುವ ರೂಢಿ ಬ್ಯಾಂಕ್ ಶಾಖೆಗಳಲ್ಲಿ ಇನ್ನೂ ಹೋಗಿಲ್ಲ. ತರಬೇತಿ ಮುಗಿದ ವಾರದಲ್ಲೇ ಸಾಲ ಕೈಸೇರಿದರೆ ಅಂಗಡಿ ಏಳುತ್ತದೆ, ಆರು ತಿಂಗಳು ತಡವಾದರೆ ಕಲಿತ ಹುಮ್ಮಸ್ಸು ಇಳಿದಿರುತ್ತದೆ.

ಫಲದ ಅಳತೆ

ತರಬೇತಿಯಿಂದ ನಿಜಕ್ಕೂ ಎಷ್ಟು ಲಾಭವಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು, ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿ ಕೆಲವರಿಗೆ ಮಾತ್ರ ತರಬೇತಿ ಕೊಟ್ಟು, ಪಡೆದವರನ್ನೂ ಪಡೆಯದವರನ್ನೂ ಹೋಲಿಸುವ ವಿಧಾನದಿಂದ ಅಳೆದಿದ್ದಾರೆ. ಅಭಿವೃದ್ಧಿಶೀಲ ದೇಶಗಳ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವಬ್ಯಾಂಕಿನ ಡೇವಿಡ್ ಮೆಕೆಂಜಿ 2017ರಲ್ಲಿ ಕಂಡುಕೊಂಡದ್ದು ನೂರು ಜನರಿಗೆ ಕಸುಬು ಕಲಿಸಿದರೆ, ತರಬೇತಿ ಇಲ್ಲದೆ ಕೆಲಸ ಸಿಗದಿದ್ದ ಇಬ್ಬರಷ್ಟೇ ಹೆಚ್ಚಾಗಿ ಉದ್ಯೋಗ ಪಡೆಯುತ್ತಾರೆಂಬುದನ್ನು. ಉಳಿದವರಲ್ಲಿ ಕೆಲಸ ಸಿಕ್ಕವರು ತರಬೇತಿ ಇಲ್ಲದೆಯೂ ಅದನ್ನು ಪಡೆಯುತ್ತಿದ್ದರು ಎಂದರ್ಥ. ಆದರೆ ಕೊಲಂಬಿಯಾದಲ್ಲಿ ತರಗತಿಯ ಜೊತೆಗೆ ಕಂಪನಿಯೊಳಗಿನ ಅನುಭವವನ್ನೂ ಸೇರಿಸಿದ್ದ ಯೋಜನೆಯೊಂದರಿಂದ ಬಡ ಯುವತಿಯರ ಗಳಿಕೆ ಸುಮಾರು ಶೇ. 20ರಷ್ಟು ಏರಿತು. ಎರಡನ್ನೂ ಒಟ್ಟಿಗೆ ನೋಡಿದರೆ, ಕಾರ್ಖಾನೆಯ ಬಾಗಿಲು ದಾಟಿಸದ ತರಬೇತಿ ಬಡವನ ಕಾಲವನ್ನು ವ್ಯರ್ಥ ಮಾಡುವ ಸಂಭವ ಹೆಚ್ಚೆಂಬುದು ಸ್ಪಷ್ಟ.

ಕರ್ನಾಟಕದ್ದೇ ಒಂದು ಅಧ್ಯಯನ ಇನ್ನೊಂದು ಕಡೆಗೆ ಬೆರಳು ಮಾಡುತ್ತದೆ. ಶಾಹಿ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಬೆಂಗಳೂರಿನ ಗಾರ್ಮೆಂಟ್ಸ್ ಘಟಕಗಳಲ್ಲಿ ಮಹಿಳೆಯರಿಗೆ ಮಾತುಗಾರಿಕೆ, ಸಮಯ ಮತ್ತು ಹಣದ ನಿರ್ವಹಣೆ, ಸಮಸ್ಯೆ ಬಿಡಿಸುವ ಜಾಣ್ಮೆ ಮೊದಲಾದ ಬದುಕಿನ ಕೌಶಲಗಳನ್ನು ಕಲಿಸಿದಾಗ ಅವರ ಉತ್ಪಾದನೆ ಹೆಚ್ಚಿತು. ಸಂಸ್ಥೆಗೆ ಹಾಕಿದ ಹಣದ ಮೇಲೆ ಕೆಲವೇ ತಿಂಗಳಲ್ಲಿ ಶೇ. 250ರಷ್ಟು ಪ್ರತಿಫಲ ಬಂತೆಂದು ಅಧ್ವರ್ಯು, ಕಲಾ, ನ್ಯಾಷಧಾಮ್ ಎಂಬ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅದೇ ಅವಧಿಯಲ್ಲಿ ಆ ಮಹಿಳೆಯರ ಸಂಬಳ ಏರಿದ್ದು ಅತ್ಯಲ್ಪ. ಕಲಿಕೆಯ ಫಲ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಅಧ್ಯಯನ ವಿರಳ. ಕನಿಷ್ಠ ವೇತನದ ಪರಿಷ್ಕರಣೆ ತಡವಾಗುವ, ಕೆಲಸಗಾರರ ಸಂಘಟನೆ ದುರ್ಬಲವಾಗಿರುವ ಕಡೆ ಕೌಶಲ ಹೆಚ್ಚಿದ ಮಾತ್ರಕ್ಕೆ ಬಡತನ ಇಳಿಯುವುದಿಲ್ಲ.

ನೀತಿ ಆಯೋಗದ ಬಹುಆಯಾಮದ ಸೂಚ್ಯಂಕದಂತೆ ಕರ್ನಾಟಕದಲ್ಲಿ ಬಡವರ ಪ್ರಮಾಣ 2015-16ರಲ್ಲಿದ್ದ ಶೇ. 12.77ರಿಂದ 2019-21ರ ಹೊತ್ತಿಗೆ ಶೇ. 7.58ಕ್ಕೆ ಇಳಿದಿದೆ. ಅಡುಗೆ ಅನಿಲ, ಶೌಚಾಲಯ, ವಿದ್ಯುತ್ತು, ಬ್ಯಾಂಕ್ ಖಾತೆಗಳನ್ನೂ ಸೇರಿಸಿ ಅಳೆಯುವ ಈ ಸೂಚ್ಯಂಕದ ಇಳಿಕೆಯನ್ನು ತರಬೇತಿಯ ಖಾತೆಗೆ ಬರೆದುಕೊಳ್ಳುವಂತಿಲ್ಲ. ಕಲಿಯುವ ಕಾಲದಲ್ಲಿ ತಪ್ಪುವ ಕೂಲಿಯ ಪ್ರಶ್ನೆಗೆ ಮರಳಿದರೆ, 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ. ಆ ಕೂಲಿಯನ್ನು ತುಂಬಬಲ್ಲ ಹಣ ಇದು. ಆದರೆ ಪಿಯುಸಿಯಲ್ಲಿ ನಿಂತವನಿಗೆ ಇದು ಸಿಗದು, ಅಲ್ಪಾವಧಿ ತರಬೇತಿಗೆ ಬರುವವರಲ್ಲಿ ಅಂಥವರು ಬಹಳ.

ಊರಿನಲ್ಲೇ ಇರುವ ಕೆಲಸ

ಬೆಂಗಳೂರನ್ನು ಗುರಿಯಾಗಿಟ್ಟ ತರಬೇತಿಯ ಭರಾಟೆಯಲ್ಲಿ ತಾಲ್ಲೂಕಿನೊಳಗೇ ಬೇಡಿಕೆಯಿರುವ ಕಸುಬುಗಳು ಹಿಂದೆ ಬಿದ್ದಿವೆ. ಬೇಸಿಗೆಯಲ್ಲಿ ವೋಲ್ಟೇಜು ಬಿದ್ದು ಪಂಪ್‌ಸೆಟ್ ಮೋಟಾರ್ ಸುಟ್ಟರೆ ತೆಂಗಿನ ತೋಟದವನು ಅದನ್ನು ಎತ್ತಿಸಿಕೊಂಡು ವೈಂಡಿಂಗ್ ಅಂಗಡಿಗೆ ಓಡುತ್ತಾನೆ. ಅಲ್ಲಿ ಸುಟ್ಟ ತಾಮ್ರದ ತಂತಿಯನ್ನು ಕಿತ್ತು, ಸುತ್ತುಗಳನ್ನು ಎಣಿಸಿ ಬರೆದುಕೊಂಡು, ಅದೇ ದಪ್ಪದ ಹೊಸ ತಂತಿಯನ್ನು ಅಷ್ಟೇ ಸುತ್ತು ಹಾಕಿ, ಸ್ಲಾಟುಗಳಿಗೆ ಕೂರಿಸಿ, ವಾರ್ನಿಷ್ ಬಳಿದು ಒಣಗಿಸಬೇಕು. ಎಣಿಕೆಯಲ್ಲಿ ತಪ್ಪಿದರೆ ಮೋಟಾರ್ ಬಿಸಿಯಾಗಿ ಮತ್ತೆ ಸುಡುತ್ತದೆ. ನೀರಿಲ್ಲದ ಒಂದೊಂದು ದಿನವೂ ಬೆಳೆಗೆ ಕುತ್ತಾದ್ದರಿಂದ ರೈತ ಕೂಲಿಯಲ್ಲಿ ಚೌಕಾಸಿ ಮಾಡುವುದಿಲ್ಲ. 2019ರ ಕುಸುಮ್ ಯೋಜನೆಯಿಂದ ಹೊಲಗಳಿಗೆ ಸೌರ ಪಂಪುಗಳು ಬರುತ್ತಿದ್ದು, ಅವುಗಳ ಫಲಕ ಕೂರಿಸುವ, ನಿಯಂತ್ರಕ ಸರಿಪಡಿಸುವ ಕೈಗಳು ಹಳ್ಳಿಯ ಹತ್ತಿರವೇ ಬೇಕಾಗಿವೆ.

ಹಾಲಿನ ವಿಷಯದಲ್ಲೂ ಹೀಗೆಯೇ. ಹಾಸನ ಹಾಲು ಒಕ್ಕೂಟದ ಸಂಘಗಳು ಊರೂರಿನಲ್ಲಿದ್ದು, ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಸಂಘದ ಶೀತಲ ಘಟಕ ಇವುಗಳ ದುರಸ್ತಿ ಈಗ ನಿತ್ಯದ ಕೆಲಸ. ಹಾಸನದ ಸಮೀಪದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರ ಹೈನುಗಾರಿಕೆ ಮೊದಲಾದ ವಿಷಯಗಳಲ್ಲಿ ರೈತರಿಗೆ ಅಲ್ಪಾವಧಿ ತರಬೇತಿ ಕೊಡುತ್ತದೆ. ಹೊಗೆಸೊಪ್ಪಿನಿಂದ ದೂರ ಸರಿಯಬೇಕಾದ ಅರಕಲಗೂಡಿನ ಕುಟುಂಬಗಳಿಗೆ ಬದಲಿ ಬೆಳೆಯ ಸಲಹೆಯ ಜೊತೆಗೆ ಆ ಮನೆಯ ಒಬ್ಬ ಮಗ ಅಥವಾ ಮಗಳಿಗೆ ಇಂಥ ಕಸುಬೊಂದು ದೊರೆತರೆ ಬೆಳೆ ಬದಲಿಸುವ ಧೈರ್ಯವೂ ಬರುತ್ತದೆ. ಮೂರು ತಿಂಗಳ ಬದಲು ಒಂದು ವರ್ಷದ ಬಳಿಕ ಎಷ್ಟು ಮಂದಿ ಕಲಿತ ಕಸುಬಿನಲ್ಲೇ ದುಡಿಯುತ್ತಿದ್ದಾರೆ, ಮನೆಯ ವರಮಾನ ಎಷ್ಟು ಏರಿದೆ ಎಂಬುದನ್ನು ತಾಲ್ಲೂಕುವಾರು ದಾಖಲಿಸಿ ಪ್ರಕಟಿಸುವುದು ತರಬೇತಿಗೆ ಹಣ ಕೊಡುವ ಇಲಾಖೆಗಳಿಗೆ ಕಷ್ಟದ ಕೆಲಸವೇನಲ್ಲ. ತರಬೇತಿ ಪಡೆದವರ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಮೂರೂ ನೋಂದಣಿಯ ದಿನವೇ ಈ ಇಲಾಖೆಗಳ ಕೈಸೇರಿರುತ್ತವೆ.